ಜೋಗೇಶ್ವರಿಯ ಟೆರೇಸಿನಲ್ಲಿ ನನ್ನ ಏರಿಯಲ್

ಒಬ್ಬ ಮನುಷ್ಯ ಏರಿಯಲ್ ಕಟ್ಟಲು ಹೊರಟರೆ ಸಾಕು, ಸುತ್ತಲಿನವರು ಅವನನ್ನು ಸುಮ್ಮನೆ ಇರಗೊಡುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯ ಜೋಗೇಶ್ವರಿಯಲ್ಲಿ ಬಿಲ್ಡಿಂಗೊಂದರ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೆ. ವಾರವೆಲ್ಲ ಆಫೀಸು, ಭಾನುವಾರ ಹ್ಯಾಮ್ ರೇಡಿಯೋ. ಅಂದರೆ ಲೈಸೆನ್ಸ್ ಪಡೆದು, ಕೈಯಾರೆ ಜೋಡಿಸಿದ ಟ್ರಾನ್ಸ್‌ಮಿಟರಿನಲ್ಲಿ ಗುರುತು ಪರಿಚಯ ಇಲ್ಲದವರನ್ನು ಕೂಗಿ ಕರೆದು ಮಾತಾಡುವ ಹುಚ್ಚು. ಅದಕ್ಕೆ ಏರಿಯಲ್ ಆಗಿ ಅರವತ್ತು ಅಡಿಗೂ ಉದ್ದದ ತಂತಿ ಬೇಕು. ನನ್ನ ಖೋಲಿಯೇ ಹತ್ತಡಿ! ಟೆರೇಸ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಮರಾಠಿಯವರಾದ ಬಿಲ್ಡಿಂಗ್ ಮಾಲಕರು, "ಕಟ್ಟಿಕೋ ಬಾಬಾ. ಒಂದು ತಕ್ರಾರು ಬಂದರೂ ಕತ್ತರಿಸಿ ಬಿಸಾಕ್ತೀನಿ" ಎಂದಿದ್ದರು.

ಬಿದಿರಿನ ಪ್ರಯಾಣ

ತಂತಿಯ ಒಂದು ತುದಿಗೆ ನೀರಿನ ಟಾಂಕಿ ಇತ್ತು. ಇನ್ನೊಂದಕ್ಕೆಂದು ದಾದರಿನಲ್ಲಿ ಬಿದಿರು ಕೊಂಡೆ. ಲೋಕಲ್‌ನ ಲಗೇಜ್ ಡಬ್ಬಿಯ ತುಂಬ ಮೀನಿನ ಬುಟ್ಟಿ. ಸಾಮಾನ್ಯ ಡಬ್ಬಿಗೇ ನುಗ್ಗಿ, ಸಾಮಾನು ಇಡುವ ಎರಡೂ ಕಡೆಯ ಹಲಗೆಗಳ ಮೇಲೆ ಬಿದಿರನ್ನು ಅಡ್ಡಲಾಗಿ ಮಲಗಿಸಿದೆ. ಬಾಂದ್ರಾದಲ್ಲಿ ಜನ ನುಗ್ಗಿದರು. ಹಿಡಿದುಕೊಳ್ಳಲು ಏನೂ ಸಿಗದವರೆಲ್ಲ ನನ್ನ ಬಿದಿರಿಗೇ ಜೋತುಬಿದ್ದರು.

ಜೋಗೇಶ್ವರಿ ಬಂತು. ಬಿದಿರು ಎಳೆದೆ. "ಏಯ್! ರೈಲ್ವೆ ಸಾಮಾನು ಕೀಳ್ತೀಯಾ?" ಎಂದು ಒಬ್ಬಾತ ಗದರಿಸಿದ. ನನ್ನದೇ ಎಂದು ಸಾಬೀತು ಮಾಡುವಷ್ಟರಲ್ಲಿ ಗೋರೆಗಾಂವ್ ಬಂದಿತ್ತು. ಇಳಿಯುವಾಗ ಅದೇ ಮನುಷ್ಯ ಕೇಳಿದ: "ನಾಳೆನೂ ತರ್ತೀರಲ್ಲ? ಒಳ್ಳೇ ಅನುಕೂಲ ಆಯ್ತು."

ಒದ್ದೆ ಏರಿಯಲ್

ಬಿದಿರು ನಿಲ್ಲಿಸಿ, ಕರೆಂಟು ಸೋರದಂತೆ ಹಳೆಯ ಟೂತ್‌ಬ್ರಷ್ಷಿನ ಹಿಡಿಗಳನ್ನು ತುದಿಗಳಿಗೆ ಕಟ್ಟಿ ತಂತಿ ಎಳೆದೆ. ಮೊದಲ ವಾರ ಸಿಲೋನ್ ತನಕ ಮಾತಾಡಿದೆ. ಮರು ವಾರ ಎಷ್ಟು ಕೂಗಿದರೂ ಪಕ್ಕದ ಗೋರೆಗಾಂವ್‌ನ ಗೆಳೆಯನಿಗೇ ಕೇಳಲಿಲ್ಲ. ಮೇಲೆ ಹೋಗಿ ನೋಡಿದರೆ ತಂತಿ ಕಾಣುತ್ತಲೇ ಇಲ್ಲ. ಇಡೀ ಬಿಲ್ಡಿಂಗಿನ ಸೀರೆ, ಲಂಗ, ಪೈಜಾಮ ಅದರ ಮೇಲೆ ನೀರು ಸುರಿಸುತ್ತಿವೆ!

ನಾನು ಬಾಯಿಬಿಟ್ಟರೆ ಅದೇ ತಕ್ರಾರು. ಧಾರವಾಡದ ನನ್ನ ಹೆಂಡತಿಯನ್ನು ಕಳಿಸಿದೆ, ಹೆಂಗಸರಿಗೆ ನಯವಾಗಿ ಹೇಳಿ ಬಾ ಎಂದು. ಅರ್ಧ ತಾಸಿಗೆ ಖಾಲಿ ಬಕೆಟ್ ಹಿಡಿದು ಬಂದಳು.

"ಹೇಳಿದ್ಯಾ?"

"ಏನ್ ಹೇಳೂದ್ರಿ? ಎಲ್ಲಾರೂ ಹಾಕ್ಯಾರ. ಕಟ್ಟಿದಾಂವ ನನ್ನ ಗಂಡ, ನಾ ಒಬ್ಬಾಕಿನ ಬಿಡ್ಲೇನು? ನಮ್ಮ ಚಾದರಾನೂ ಹಾಕಿ ಬಂದೆ."

ಟಿವಿಯೊಳಗಿನ ಧ್ವನಿ

ಅಷ್ಟರಲ್ಲಿ ಎರಡನೇ ಮಹಡಿಯ ಮಾಲಕರ ಮನೆಗೆ ಬಿಲ್ಡಿಂಗಿನ ಮೊದಲ ಟಿವಿ ಬಂತು. ಭಾನುವಾರ ಸಂಜೆ ಸಿನಿಮಾ. ಅದೇ ನನ್ನ ರೇಡಿಯೋದ ಹೊತ್ತು ಕೂಡ. ಗೋರೆಗಾಂವ್ ಮುಟ್ಟದ ನನ್ನ ಟ್ರಾನ್ಸ್‌ಮಿಟರಿನ ಅಲೆಗಳು ಕೆಳಗಿನ ಆ ಟಿವಿಗೆ ಮಾತ್ರ ಸಲೀಸಾಗಿ ನುಗ್ಗಿದವು. ಪರದೆಯ ಮೇಲೆ ನಾಯಕಿ ಕಣ್ಣೀರಿಡುವಾಗ ಟಿವಿಯೊಳಗಿಂದ ನನ್ನ ಧ್ವನಿ: "ಹಲೋ, ಹಲೋ! ಕೋಯಿ ಸುನ್ ರಹಾ ಹೈ ಕ್ಯಾ?"

ಒಂದೆರಡು ವಾರ ಮಾಲಕರು ಟಿವಿಯ ತಲೆಗೆ ಬಡಿದರು. ಮೂರನೆಯ ವಾರ ಧ್ವನಿ ಯಾರದೆಂದು ಹೊಳೆದು, ತಂತಿ ಕತ್ತರಿಸುವ ಪಕ್ಕಡ್ ಹಿಡಿದು ಟೆರೇಸಿಗೆ ಹತ್ತಿದರು. ನಾನು ಹಿಂದೆಯೇ ಓಡಿದೆ. ಈ ತಂತಿ ಹೋದರೆ ಮುಂಬಯಿಯಲ್ಲಿ ನನಗೆ ಇನ್ನೆಲ್ಲಿ ಜಾಗ? ಅವರು ಬಟ್ಟೆ ಸರಿಸುತ್ತ, ಸರಿಸುತ್ತ, ತಮ್ಮ ತಾಯಿಯ ಒಂಬತ್ತು ಗಜದ ಸೀರೆಯ ಕೆಳಗೆ ತಂತಿ ಕಂಡುಹಿಡಿದರು. ಪಕ್ಕಡ್ ಬಾಯಿ ತೆರೆಯಿತು.

"ಮುಟ್ಟಬೇಡ!" ತಾಯಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದರು.

"ಅಮ್ಮಾ, ಇವನ ಧ್ವನಿ ನಮ್ಮ ಟಿವಿಯಲ್ಲಿ ಬರ್ತಿದೆ!"

"ಗೊತ್ತು. ನಮ್ಮ ಮನೆಯಲ್ಲಿ ಯಾರಾದರೂ ನನ್ನನ್ನು ಮಾತಾಡಿಸ್ತೀರಾ? 'ಯಾರಾದರೂ ಕೇಳ್ತಿದೀರಾ' ಅಂತ ವಾರಕ್ಕೊಮ್ಮೆ ವಿಚಾರಿಸೋನು ಅವನೊಬ್ಬನೇ. ನಾನು ಪ್ರತಿ ಸಲ ಉತ್ತರಾನೂ ಕೊಡ್ತೀನಿ. ಪಾಪ, ಅವನಿಗೆ ಕಿವಿ ಮಂದ."

ಮಾಲಕರು ಪಕ್ಕಡ್ ಜೇಬಿಗಿಳಿಸಿದರು. ಸಿನಿಮಾ ಮುಗಿಯುವವರೆಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು ಎಂದು ರಾಜಿಯಾಯಿತು. ಮುಗಿದ ಮೇಲೂ ಅಜ್ಜಿ ಟಿವಿ ಆರಿಸಲು ಬಿಡುತ್ತಿರಲಿಲ್ಲ. ನಾನು ಮೈಕ್ ಹಿಡಿದು, "ಕೋಯಿ ಸುನ್ ರಹಾ ಹೈ ಕ್ಯಾ?" ಎನ್ನುತ್ತಿದ್ದೆ. ಜಪಾನಿನಿಂದ ಉತ್ತರ ಬರಲಿ ಬಿಡಲಿ, ಕೆಳಗಿನ ಕಿಟಕಿಯಿಂದ ಮಾತ್ರ ತಪ್ಪದೆ ಬರುತ್ತಿತ್ತು, ನನ್ನ ಮಂದ ಕಿವಿಗೂ ಮುಟ್ಟುವಂತೆ:

"ಕೇಳ್ತಿದೀನಿ ರೇ ಬಾಳಾ! ಊಟ ಆಯ್ತಾ?"