ಪಿಸ್ತಾ ಬಣ್ಣದ ಅಂಟು

ಕೈಯಾರೆ ಮಾಡಿದ ವಸ್ತುವಿಗೆ ಬೆಲೆ ಕಟ್ಟಲಾಗದು ಎನ್ನುತ್ತಾರೆ. ಹಾಗೆನ್ನುವವರು, ಮಾಡುವವರ ಪಕ್ಕದ ಮನೆಯಲ್ಲಿ ಎಂದೂ ವಾಸವಿದ್ದವರಲ್ಲ ಎಂದು ನನಗೀಗ ಅನಿಸುತ್ತದೆ. ನಾನು ಮನೆಯಲ್ಲೇ ಪುಸ್ತಕ ಕಟ್ಟಲು ಕಲಿತೆ. ಬರೆಯುವುದಲ್ಲ, ಕಟ್ಟುವುದು: ಹಾಳೆ ಮಡಚಿ, ಹೊಲಿದು, ರಟ್ಟು ಅಂಟಿಸಿ, ಚೆಂದದ ದಿನಚರಿ ಮಾಡುವುದು. ಇದರಿಂದ ಒಬ್ಬರ ಜೀವಕ್ಕೇ ಸಂಚಕಾರ ಬರಬಹುದೆಂದು ಯಾರಾದರೂ ಎಚ್ಚರಿಸಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ. ಬಟ್ಟಲಿಗೆ ಚಮಚ ತಾಕುವ ಸದ್ದು ಎಲ್ಲಿ ಕೇಳಿದರೂ ಎದ್ದು ಹೋಗಿ ಬಟ್ಟಲಲ್ಲಿ ಏನಿದೆ ಎಂದು ನೋಡುತ್ತೇನೆ.

ನಾವಿರುವುದು ಘಟಪ್ರಭಾದಲ್ಲಿ. ನಾನು ಹುಕ್ಕೇರಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬಸ್ಸಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದಾಗ, ಯಾರೋ ಒಬ್ಬಾಕೆ ಹಾಳೆಗಳನ್ನು ಹೂವಿನಷ್ಟು ಹಗುರವಾಗಿ ಹೊಲಿದು ಪುಸ್ತಕ ಮಾಡುವುದನ್ನು ಕಂಡೆ. ಎಂ.ಎ. ಮಾಡಿದ ನನಗೆ ಇದೇನು ಮಹಾ ಎನಿಸಿತು. ಮೊದಲ ಪುಸ್ತಕ ಹೊಲಿದು, ರಾತ್ರಿಯಿಡೀ ಜೋಳದ ಚೀಲದ ಕೆಳಗಿಟ್ಟು ತೆಗೆದರೂ ಅದು ಬಾಯಿ ಮುಚ್ಚಲಿಲ್ಲ. ಕಪ್ಪೆಯಂತೆ ಊದಿಕೊಂಡೇ ಇತ್ತು. ಪಕ್ಕದ ಮನೆಯ ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಗಂಭೀರವಾಗಿ, "ಬೇಟಿ, ಇದರ ಮ್ಯಾಲೆ ಬರಿಯೂದೋ, ಮಲಗೂದೋ?" ಎಂದಿದ್ದರು.

ಅವರು ಕೇಳಬಹುದಾದ ಮಾತೇ. ಆಯುಷ್ಯವೆಲ್ಲ ಗಾದಿ, ಹಾಸಿಗೆ ಹೊಲಿದವರು. ಈಗ ಹಲ್ಲಿಲ್ಲ, ಕಣ್ಣು ಮಂಜು, ನಗು ಮಾತ್ರ ಮೊದಲಿನಂತೆಯೇ ಇದೆ. ನನಗೆ ಉದ್ದನೆಯ ಸೂಜಿ ಕೊಟ್ಟವರೂ ಅವರೇ. ಅವರ ಹೆಂಡತಿ ಮಾಬೂಬಿ ಕಾಕು ಮತ್ತು ನಮ್ಮ ಅತ್ತೆಯ ನಡುವೆ ಡಬ್ಬಿಗಳ ವ್ಯವಹಾರ ನಾನು ಈ ಮನೆಗೆ ಬರುವ ಮೊದಲಿನಿಂದ ನಡೆದಿದೆ. ಆಕೆಯ ಡಬ್ಬಿ ಬರುತ್ತದೆ, ಈಕೆ ಅದರಲ್ಲಿ ಏನಾದರೂ ತುಂಬಿ ಕಳಿಸುತ್ತಾಳೆ. ಖಾಲಿ ಡಬ್ಬಿ ಹಿಂದಿರುಗಿಸುವುದೆಂದರೆ ಅತ್ತೆಯ ಲೆಕ್ಕದಲ್ಲಿ ಬಂದವರಿಗೆ ಬೆನ್ನು ತಿರುಗಿಸಿದ ಹಾಗೆ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಶೇಂಗಾ ಆದರೂ ಹಾಕುತ್ತಾಳೆ. ಇತ್ತೀಚೆಗೆ ಆ ಕೆಲಸವನ್ನು ನಾನೇ ವಹಿಸಿಕೊಂಡು, ಮೊಬೈಲ್ ನೋಡಿ ಖೀರು, ಅಕ್ಕಿ ತರಿಯ ಫಿರ್ನಿ ಎಂದು ಹೊಸ ಹೊಸ ಸಿಹಿ ಮಾಡಿ ಕಳಿಸುತ್ತಿದ್ದೆ. ಡಬ್ಬಿ ಪ್ರತಿ ಸಲವೂ ತೊಳೆದು ಹೊಳೆಯುತ್ತ ಬರುತ್ತಿತ್ತು. ಅದನ್ನು ನಾನು ಪ್ರಶಂಸೆ ಎಂದೇ ತಿಳಿದಿದ್ದೆ.

ರಮಜಾನ್ ಹಬ್ಬಕ್ಕೆ ಮಾಬೂಬಿ ಕಾಕು ಶಾವಿಗೆಯ ಶೀರ್ ಖುರ್ಮಾ ತಂದ ಡಬ್ಬಿ ಇನ್ನೂ ನಮ್ಮಲ್ಲಿಯೇ ಇತ್ತು. ಆ ದಿನ ನನಗೆ ರಜೆ. ಬೆಳಿಗ್ಗೆ ಮೈದಾ ಕುದಿಸಿ ಅಂಟು ಮಾಡಿದೆ. ಬರೀ ಮೈದಾ ಅಂಟಿಗೆ ಹುಳ ಬೀಳುತ್ತದೆ, ಜಿರಲೆ ಪುಸ್ತಕ ತಿನ್ನುತ್ತದೆ. ಅದಕ್ಕೆ ಪುಸ್ತಕ ಕಟ್ಟುವವರು ಮೈಲುತುತ್ತು ಬೆರೆಸುತ್ತಾರೆ ಎಂದು ಕೇಳಿದ್ದೆ. ದ್ರಾಕ್ಷಿ ತೋಟಕ್ಕೆ ಸುಣ್ಣದ ಜೊತೆ ಹೊಡೆಯುವ ಅದೇ ನೀಲಿ ವಿಷ. ನನ್ನ ಪುಸ್ತಕ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಲ್ಲ, ಧಾರಾಳವಾಗಿಯೇ ಹಾಕಿದೆ. ವಾಸನೆ ಚೆನ್ನಾಗಿರಲೆಂದು ಲವಂಗ ಕುಟ್ಟಿ ಸೇರಿಸಿದೆ. ಅಂಟು ತಿಳಿ ಹಸಿರಾಗಿ, ಗಟ್ಟಿಯಾಗಿ, ಘಮಘಮ ಎನ್ನುತ್ತ ನಿಂತಿತು. ಮುಚ್ಚಳ ಬಿಗಿಯಾಗಿರುವುದು ಮಾಬೂಬಿ ಕಾಕುವಿನ ಡಬ್ಬಿಯದೊಂದೇ. ಅದರಲ್ಲಿ ಸುರಿದು, ಅಡುಗೆ ಕಟ್ಟೆಯ ಮೇಲೆ ಆರಲು ಇಟ್ಟು, ರಟ್ಟಿನ ಮೇಲೆ ಹಚ್ಚುವ ರೆಗ್ಜಿನ್ ತರಲು ಗೋಕಾಕಕ್ಕೆ ಹೋದೆ.

ಮಧ್ಯಾಹ್ನ ಬಂದಾಗ ಕಟ್ಟೆಯ ಮೇಲೆ ಡಬ್ಬಿ ಇರಲಿಲ್ಲ.

"ಅತ್ತಿ, ಇಲ್ಲಿದ್ದ ಡಬ್ಬಿ ಎಲ್ಲೈತ್ರಿ?"

"ಮಾಬೂಬಿಗೆ ಕೊಟ್ಟ ಬಂದೆ. ಎಷ್ಟ ದಿನ ಇಟ್ಕೊಳ್ಳೂದ ಮಂದಿ ಡಬ್ಬಿ?"

"ಅದರಾಗ ಇದ್ದದ್ದು?"

"ಅದನ್ನೂ ಕೊಟ್ಟೆ. ಪಿಸ್ತಾ ಹಾಕಿ ಫಿರ್ನಿ ಮಾಡಿದ್ದಿ, ನನಗ ಒಂದ ಮಾತ ಹೇಳಬಾರದೇನು? ಈ ಸಲ ವಾಸನಿ ಅಗದಿ ಚಲೋ ಬಂದಿತ್ತವಾ. ಮುದುಕಗ ಮೆತ್ತಂದು ಏನರೆ ಬೇಕ ಅಂತ ಮಾಬೂಬಿ ಅನ್ನಾಕತ್ತಿದ್ಲು, ಖುಷಿ ಆದ್ಲು."

ಅವರ ಬಾಗಿಲು ನಮ್ಮ ಬಾಗಿಲಿಗೆ ಅಂಟಿಕೊಂಡೇ ಇದೆ. ಆದರೂ ಆಗ ಓಡಿದ ಆ ದಾರಿ ನನ್ನ ನೆನಪಿನಲ್ಲಿ ದಿನದಿನಕ್ಕೂ ಉದ್ದವಾಗುತ್ತಿದೆ. ಒಳಗೆ ಕಾಕಾ ಮಂಚದ ಮೇಲೆ ಕೂತಿದ್ದರು. ಮಡಿಲಲ್ಲಿ ಬಟ್ಟಲು. ಬಟ್ಟಲಲ್ಲಿ ನನ್ನ ತಿಳಿ ಹಸಿರು ಅಂಟು. ಅದರಲ್ಲಿ ಚಮಚ ಸುಮ್ಮನೆ ಸುತ್ತುತ್ತಿತ್ತು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

"ಬಾ ಬೇಟಿ, ಬಾ. ಇನ್ನ ಯಾರನ್ನೂ ಕಾಯೂದಿಲ್ಲ. ಮಾಡಿದಾಕಿ ಎದುರಿಗೇ ತಿಂತೇನಿ. ಬಿಸ್ಮಿಲ್ಲಾ..."

ಚಮಚ ಮೇಲೆದ್ದಿತು. ಬೇಡ ಎನ್ನಬೇಕು. ವಿಷ ಎನ್ನಬೇಕು. ವರ್ಷಗಟ್ಟಲೆ ತರಗತಿಯಲ್ಲಿ ಗಂಟೆ ಹೊಡೆದರೂ ಮಾತು ನಿಲ್ಲಿಸದ ನನ್ನ ಬಾಯಿಗಿಂತ ಕೈ ಮುಂದೆ ಓಡಿತು. ನುಗ್ಗಿ ಅವರ ಕೈಗೆ ಹೊಡೆದೆ. ಚಮಚ ಗೋಡೆಗೆ ಬಡಿಯಿತು. ಬಟ್ಟಲು ಕಸಿದುಕೊಂಡು ಎದೆಗೆ ಅವಚಿಕೊಂಡು ನಿಂತೆ. ಆಗಲೇ ಒಳಗಿನಿಂದ ಬಂದ ಮಾಬೂಬಿ ಕಾಕುವಿಗೆ ಕಂಡದ್ದು ಇಷ್ಟು: ನೆರೆಮನೆಯ ಸೊಸೆ, ತಾನೇ ಕಳಿಸಿದ ಸಿಹಿಯನ್ನು ಹಲ್ಲಿಲ್ಲದ ಮುದುಕನ ಕೈಗೆ ಹೊಡೆದು ಕಸಿದುಕೊಳ್ಳುತ್ತಿದ್ದಾಳೆ.

"ಯಾ ಅಲ್ಲಾ! ಕೊಟ್ಟದ್ದನ್ನ ಹಿಂಗ ಕಸ್ಕೊಳ್ಳೂದೇನವಾ?"

"ಅಂಟು," ಎಂದೆ. "ಪುಸ್ತಕದ್ದು. ಮೈಲುತುತ್ತು ಐತ್ರಿ ಇದರಾಗ. ಕಾಕಾ, ತಿಂದ್ರೇನ್ರಿ? ಖರೇ ಹೇಳ್ರಿ, ಒಂಚೂರರೆ ಬಾಯಾಗ ಹಾಕಿದ್ರೇನು?"

ಕಾಕಾ ಬಾಯಿ ತೆರೆದು ತೋರಿಸಿದರು. ನಾನು ಮೊಬೈಲ್ ದೀಪ ಹಾಕಿ ನೋಡಿದೆ. ಮಾಬೂಬಿ ಕಾಕುವಿನ ಬಾಯಿಯನ್ನೂ ಬಿಡಲಿಲ್ಲ. ಯಾರೂ ಮುಟ್ಟಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಳುವಿನ ನಡುವೆಯೇ ಇತಿಹಾಸದವಳ ಬುದ್ಧಿ ಕೇಳಿತು: ಅತ್ತೆ ಡಬ್ಬಿ ಕೊಟ್ಟು ಬಹಳ ಹೊತ್ತಾಗಿದೆ, ಬಟ್ಟಲಿಗೂ ಬಡಿಸಿ ಆಗಿದೆ. ಮತ್ತೇಕೆ ತಿನ್ನಲಿಲ್ಲ? ಅವರನ್ನೇ ಕೇಳಿಬಿಟ್ಟೆ.

ಕಾಕಾ ಹೆಂಡತಿಯ ಕಡೆ ಕೈ ತೋರಿಸಿದರು. ಮಾಬೂಬಿ ಕಾಕು ಕೈಯಲ್ಲಿದ್ದುದನ್ನು ಸೆರಗಿನ ಮರೆಗೆ ಸರಿಸಿದಳು. ಆಗ ಅವಳ ಕೈಯಲ್ಲಿ ಸಕ್ಕರೆ ಡಬ್ಬಿ ಇರುವುದು ಕಂಡಿತು.

"ಸಿಟ್ಟ ಆಗಬ್ಯಾಡವಾ," ಎಂದಳು. "ನೀ ಕಳಿಸಿದ್ದಕ್ಕ ಯಾವತ್ತೂ ಸಕ್ಕರಿ ಇರೂದಿಲ್ಲ. ಇವರಿಗೆ ಮ್ಯಾಲೆ ಸಕ್ಕರಿ ಹಾಕಿ ಕೊಡೂದ ರೂಢಿ ಆಗೇತಿ. ಸಕ್ಕರಿ ಮುಗದಿತ್ತು, ಬಾಜೂಕಿನ ಅಂಗಡಿಗೆ ಹೋಗಿ ತಂದು, ಡಬ್ಬಿಗೆ ಸುರಕೊಂಡ ಬರೂದ್ರಾಗ ಹೊತ್ತಾತು."

"ಹೆಂಗರೆ ಮಾಡಲಿ, ಪ್ರೀತಿಲೆ ಕಳಿಸ್ತಾಳ," ಎಂದರು ಕಾಕಾ, ನನ್ನ ಕಡೆ ನೋಡದೆ.

ಡಬ್ಬಿಯನ್ನೂ ತಂದು, ಅಂಟನ್ನೆಲ್ಲ ನಮ್ಮ ಹಿತ್ತಲಿನಲ್ಲಿ ಆಳವಾಗಿ ಹೂತೆ. ಅಂದಿನಿಂದ ಅಡುಗೆಮನೆಗೂ ಪುಸ್ತಕಕ್ಕೂ ಸಂಬಂಧವಿಲ್ಲ. ಪೇಟೆಯ ಗೋಂದು ತಂದು ಅಟ್ಟದ ಮೇಲೆ ಬೀಗದೊಳಗೆ ಇಡುತ್ತೇನೆ. ಆದರೂ ಆ ಚಮಚ ಮತ್ತೆ ಮತ್ತೆ ಮೇಲೇಳುತ್ತದೆ. ಅವರ ಮನೆಯಲ್ಲಿ ಸಕ್ಕರೆ ಇದ್ದಿದ್ದರೆ? ನಾನು ಒಂದೇ ಒಂದು ಸಲ ಚೆನ್ನಾಗಿ ಅಡುಗೆ ಮಾಡಿ ಕಳಿಸಿದ್ದರೆ? ಕಾಕಾನನ್ನು ಉಳಿಸಿದ್ದು ನನ್ನ ಓಟವಲ್ಲ, ನನ್ನ ಕೈರುಚಿ.

ಹಳೆಯ ಡಬ್ಬಿಯನ್ನು ಎಷ್ಟು ತಿಕ್ಕಿದರೂ ಕೊಡಲು ಮನಸ್ಸು ಬರಲಿಲ್ಲ. ಹೊಸ ಸ್ಟೀಲ್ ಡಬ್ಬಿ ತಂದೆ. ಖಾಲಿ ಕೊಡುವಂತಿಲ್ಲ, ಮಾಡಿ ತುಂಬುವ ಧೈರ್ಯವಿಲ್ಲ. ಕೊನೆಗೆ ಅಂಚಿನವರೆಗೂ ಸಕ್ಕರೆ ತುಂಬಿ ಕೊಟ್ಟು ಬಂದೆ. ಸಂಜೆ ಮಾಬೂಬಿ ಕಾಕು ಬಾಗಿಲಲ್ಲಿ ನಿಂತು, ಅತ್ತೆಗೆ ಕೇಳುವಂತೆ ಹೇಳಿದಳು:

"ನಿನ್ನ ಸೊಸಿ ಕಳಿಸಿದ್ದರಾಗ ಇದೊಂದು ಅಗದಿ ಹದಾ ಬಂದೈತಿ ನೋಡ ಅಕ್ಕಾ."

ಅತ್ತೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಹಾಳೆ ಮಡಚತೊಡಗಿದೆ.