ಕ್ಯಾಮೆರಾಕ್ಕೆ ಉಡಿ ತುಂಬಿದ್ದು

ಕಥೆ ಹೇಳುವವನ ಎದುರಿಗೆ ಕುಳಿತು 'ಹೂಂ' ಅನ್ನುವವರು ಒಬ್ಬರಾದರೂ ಬೇಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹೂಂಗುಡುವವರಿಲ್ಲದಿದ್ದರೆ ಕಥೆ ಹಾದಿ ತಪ್ಪಿ ಅಡವಿ ಸೇರುತ್ತದಂತೆ. ಕುರ್ಲಾದ ನಮ್ಮ ಚಾಳಿನ ಒಂದೂವರೆ ಕೋಣೆಯ ಮನೆಯಲ್ಲಿ ಕಳೆದ ಶನಿವಾರದಿಂದ ನನಗೆ ಹೂಂ ಅನ್ನುವವರು ಯಾರೂ ಇಲ್ಲ. ನಾನು ಬಾಯಿ ತೆರೆದರೆ ಸಾಕು, ಹೆಂಡತಿ ಅಂಬವ್ವ ಅಕ್ಕಿ ಡಬ್ಬಿಯ ಕಡೆ ನೋಡುತ್ತಾಳೆ. ಮಗಳು ಸ್ನೇಹಲ್ ಮೊಬೈಲು ನೋಡಿ ಮುಸಿಮುಸಿ ನಗುತ್ತಾಳೆ. ಆದ್ದರಿಂದ ನೀವೇ ಹೂಂ ಅನ್ನಿ. ನಡುನಡುವೆ ನಕ್ಕರೂ ನಡೆಯುತ್ತದೆ, ನನಗೆ ರೂಢಿಯಾಗಿದೆ.

ನಾನು ಮುರಿಗೆಪ್ಪ, ವಿಜಯಪುರದ ಕಡೆಯವನು. ವಿಕ್ರೋಳಿಯ ಒಂದು ಕಂಪನಿಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಪದವಿ ಬೇರೆ: ನಮ್ಮ ಕನ್ನಡ ಸಂಘದ ಆಸ್ಥಾನ ಛಾಯಾಗ್ರಾಹಕ. (ಸಂಬಳವಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಎರಡನೇ ಪ್ಲೇಟು ಉಪ್ಪಿಟ್ಟು ಕೇಳಿದರೆ ಯಾರೂ ಮುಖ ಗಂಟು ಹಾಕುವುದಿಲ್ಲ, ಅಷ್ಟೇ.) ಸಂಘದ ವೇದಿಕೆಯಲ್ಲಿ ಎಂಥ ಘನವಂತನಿಗೇ ಶಾಲು ಹೊದಿಸಲಿ, ಶಾಲು ಹಿಡಿದವರು ನನ್ನ ಕಡೆ ತಿರುಗಿ ಕಾಯಬೇಕು. ನಾನು ಕೈಯೆತ್ತಿ "ಆತ್ರಿ" ಅಂದ ಮೇಲೆಯೇ ಅದು ಹೆಗಲಿಗೆ ಇಳಿಯುವುದು. ಕಂಪನಿಯಲ್ಲಿ ನನ್ನ ಮಾತಿಗೆ ಒಂದು ವಾಷರ್ ಕೂಡ ಉರುಳುವುದಿಲ್ಲ. ಈ 'ಆತ್ರಿ' ಒಂದೇ ನನ್ನ ಸಾಮ್ರಾಜ್ಯ, ಹನ್ನೊಂದು ವರ್ಷದಿಂದ ಆಳುತ್ತಿದ್ದೆ.

ದಂಡು ಬಂದದ್ದು ದಹಿಸರಿನಿಂದ. ಅಲ್ಲಿಯ ಅರಿವೆ ಅಂಗಡಿಯ ಶೆಟ್ಟೆಪ್ಪ ಸಂಘದ ಹಿಂದಿನ ಕಾರ್ಯಕ್ರಮಕ್ಕೆ ಹೊಚ್ಚ ಹೊಸ ಮಿರರ್‌ಲೆಸ್ ಕ್ಯಾಮೆರಾ ನೇತುಹಾಕಿಕೊಂಡು ಬಂದ. ನನ್ನದು ಹಳೆಯ ಕಾಲದ ಡಿಎಸ್‌ಎಲ್‌ಆರ್. ಗುಂಡಿ ಒತ್ತಿದರೆ ರೊಟ್ಟಿ ಬಡಿದ ಹಾಗೆ 'ಟಪ್' ಅನ್ನುತ್ತದೆ. ಅವನದು ಬೆಕ್ಕು ಹಾಲು ಕುಡಿದ ಹಾಗೆ, ಸದ್ದೇ ಇಲ್ಲ. ಸಂಘದ ಕಾರ್ಯದರ್ಶಿಗಳು ಅವನ ಕ್ಯಾಮೆರಾದಲ್ಲಿ ತಮ್ಮ ಮುಖ ನೋಡಿಕೊಂಡು, "ಅಲ್ಲೋ ಮುರಿಗೆಪ್ಪ, ಇದರಾಗ ನನ್ನ ಗಲ್ಲದ ಮ್ಯಾಲಿನ ನರೂಲಿ ಸುದ್ದಾ ಕಾಣತೈತಿ. ನಿನ್ನ ಫೋಟೋದಾಗ ಇಷ್ಟು ವರ್ಷ ಅದು ಎಲ್ಲಿ ಹೋಗಿತ್ತೋ?" ಅಂದರು. (ಅದು ನನ್ನ ಕ್ಯಾಮೆರಾದ ಔದಾರ್ಯ. ಯಾರಿಗೆ ಹೇಳುವುದು?) "ಶ್ರಾವಣದ ಮೊದಲನೇ ರವಿವಾರ ವಾರ್ಷಿಕೋತ್ಸವ ಐತಿ. ಫೋಟೋ ಯಾರು ತಗೀಬೇಕು, ನೋಡೂಣು" ಎಂದು ಸೇರಿಸಿದರು. ಆ 'ನೋಡೂಣು' ಜಾಲಿಮುಳ್ಳಿನ ಹಾಗೆ ನೆಟ್ಟಿತು.

ಅಂದಿನಿಂದ ಮೈಯಲ್ಲಿ ಇರುವೆ ಬಿಟ್ಟಂತಾಯಿತು. ಕೂತರೆ ನಿಲ್ಲಬೇಕು, ನಿಂತರೆ ಹೊಸ ಕ್ಯಾಮೆರಾಗಳ ವಿಡಿಯೋ ನೋಡಬೇಕು. ಬೆಳಿಗ್ಗೆ ಕುರ್ಲಾದಲ್ಲಿ ಲೋಕಲ್ ಹತ್ತುವಾಗ, ತಗೊಂಡರೆ ಫುಲ್‌ಫ್ರೇಮ್ ಬಾಡಿಯನ್ನೇ ತಗೋಬೇಕು ಅನ್ನಿಸುತ್ತಿತ್ತು. (ಬಾಡಿ ಎಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ; ಫುಲ್‌ಫ್ರೇಮ್ ಎಂದರೆ ಅದರಲ್ಲಿ ದೊಡ್ಡದು.) ವಿದ್ಯಾವಿಹಾರಕ್ಕೆ ಬರುವಷ್ಟರಲ್ಲಿ ಅಷ್ಟು ಭಾರ ಹೊರಲಾರೆ, ಚಿಕ್ಕದು ಸಾಕು ಅನ್ನಿಸುವುದು. ಘಾಟ್‌ಕೋಪರಿನಲ್ಲಿ ಜನ ನುಗ್ಗಿ ಎದೆಗೂಡು ಒತ್ತಿದಾಗ, ಇದೆಲ್ಲ ಮಾಯೆ, ಹಳೆಯ ಬಾಡಿಗೇ ಒಂದು ಒಳ್ಳೆಯ ಲೆನ್ಸು ಹಾಕಿದರಾಯಿತು ಎಂಬ ವೈರಾಗ್ಯ ಹುಟ್ಟುವುದು. ವಿಕ್ರೋಳಿಯಲ್ಲಿ ಇಳಿಯುವಾಗ ಯಾರೋ ಕಾಲು ತುಳಿಯುತ್ತಿದ್ದರು. ವೈರಾಗ್ಯ ಹಾರಿ ಮತ್ತೆ ಫುಲ್‌ಫ್ರೇಮಿಗೆ ಬಂದು ನಿಲ್ಲುತ್ತಿದ್ದೆ.

ಒಂದು ಸಂಜೆ ಧೈರ್ಯ ಮಾಡಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ.

"ಅಂಬೂ, ಹೊಸಾ ಬಾಡಿ ತರಬೇಕಂತ ಮಾಡೀನಿ."

"ಮನ್ಯಾಗ ಬಾಡಿ ಬಾಡಿ ಅನ್ನಬ್ಯಾಡ್ರಿ. ದವಾಖಾನ್ಯಾಗ ಅಂತಾರ ಹಂಗ" ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಕ್ಯಾಮೆರಾದ ಬಾಡಿ."

"ಯಾಕ, ಸವತಿ ಏನ್ ತಪ್ಪ ಮಾಡ್ಯಾಳ?" (ಸವತಿ ಎಂದರೆ ನನ್ನ ಕ್ಯಾಮೆರಾ. ಕೊಂಡ ದಿನವೇ ಅಂಬವ್ವ ಇಟ್ಟ ಹೆಸರು.) "ಹನ್ನೊಂದು ವರ್ಷ ನಿಮ್ಮ ಕೊಳ್ಳಾಗ ಜೋತು ಬಿದ್ದು ದುಡದಾಳ. ಇನ್ನ ನನಗ ವಯಸ್ಸಾತು ಅಂದ್ರ ನನ್ನೂ ಎಕ್ಸ್‌ಚೇಂಜಿಗೆ ಹಾಕಾವ್ರನ?"

ಮೊಬೈಲಿನಿಂದ ತಲೆಯೆತ್ತದೆ ಸ್ನೇಹಲ್, "ಅವ್ವಾದು ಎಕ್ಸ್‌ಚೇಂಜ್ ವ್ಯಾಲ್ಯೂ ಛಲೋ ಇದೆ ಪಪ್ಪಾ. ಪ್ರಾಬ್ಲೆಮ್ ಆಪ್ ಕಾ ಹೈ" ಅಂದಳು.

"ಕ್ಯಾಮೆರಾ ಆಮ್ಯಾಲ. ಮೊದಲ ಗಾಳಿ ಆಡದಂಥಾದು ಒಂದ್ ಡಬ್ಬಿ ತಂದ್ ಕೊಡ್ರಿ" ಎಂದಳು ಅಂಬವ್ವ. "ಊರಿಂದ ಬಂದ ಕಡಕ್ ರೊಟ್ಟಿ ಈ ಮಳ್ಯಾಗ ಚಪಾತಿ ಆಗಿ ಕುಂತಾವು. ಮುರದ್ರ ಸಪ್ಪಳ ಬರೂದಿಲ್ಲ."

ಕಲೆಯ ಮಾತು ರೊಟ್ಟಿಗೆ ಬಂದು ನಿಂತ ಮೇಲೆ ಅಲ್ಲಿ ನಿಲ್ಲಬಾರದು.

ಅಜ್ಜಿಯ ಕಥೆಯೊಂದಿದೆ. ಒಬ್ಬ ಎಮ್ಮೆ ಕೊಳ್ಳಲು ಸಂತೆಗೆ ಹೋದನಂತೆ. ಎಮ್ಮೆಯ ಬೆಲೆ ಕೇಳಿ ಹೆದರಿ, ಬರಿಗೈಲಿ ಬರಬಾರದೆಂದು ಎಮ್ಮೆಯ ಕೊರಳಿಗೆ ಕಟ್ಟುವ ಗಂಟೆ ಕೊಂಡು ಬಂದನಂತೆ. ಮರುವಾರ ಹಗ್ಗ, ಅದರ ಮರುವಾರ ಗೂಟ. ಗೂಟ, ಹಗ್ಗ, ಗಂಟೆ ಎಲ್ಲ ಇದ್ದ ಮೇಲೆ ಎಮ್ಮೆ ತಾನಾಗಿ ಬರಲೇಬೇಕು ಎಂಬುದು ಅವನ ತರ್ಕ. ಎಂಥ ಬುದ್ಧಿವಂತ ಅನ್ನಿಸಿತು ನನಗೆ. ಕಥೆಯ ಕೊನೆ ಏನಿತ್ತೆಂದು ಆಗ ನೆನಪಾಗಲಿಲ್ಲ.

ಕುರ್ಲಾ ಸ್ಟೇಷನ್ನಿನ ಬಳಿ ಯೂನುಸನ ಕ್ಯಾಮೆರಾ ಅಂಗಡಿಯಿದೆ. ಅವನೂ ವಿಜಯಪುರದವನೇ, ಹಳೆಯದನ್ನು ರಿಪೇರಿ ಮಾಡುತ್ತಾನೆ, ಹೊಸದನ್ನು ಮಾರುತ್ತಾನೆ. ಅಲ್ಲಿಗೆ ಹೋಗಿ ಹೊಸ ಬಾಡಿಗೆಂದೇ ಒಂದು ಲೆನ್ಸು ಕೊಂಡೆ. (ಹಳೆಯ ಬಾಡಿಗೆ ಅದು ಕೂಡುವುದೇ ಇಲ್ಲ.) ಆಮೇಲೆ ಎರಡು ಬ್ಯಾಟರಿ, ಅರೆಗಳಿರುವ ಬ್ಯಾಗು, ಕೊನೆಗೆ ಮುಂಬಯಿಯ ಹಸಿಗಾಳಿ ತಾಗದಂತೆ ಒಳಗಿನ ತೇವ ಎಷ್ಟೆಂದು ಮುಚ್ಚಳದ ಮೇಲಿನ ಮುಳ್ಳು ತೋರಿಸುವ, ಗಾಳಿಯಾಡದ ಡ್ರೈ ಬಾಕ್ಸು. ಎಲ್ಲವನ್ನೂ ಯೂನುಸನ ಕೌಂಟರಿನ ಬುಡದಲ್ಲಿ ಬಚ್ಚಿಟ್ಟೆ. ಗೂಟ, ಹಗ್ಗ, ಗಂಟೆ ಸಿದ್ಧ.

ಎಮ್ಮೆಗೂ ದಾರಿ ತಾನಾಗಿ ತೆರೆಯಿತು. ಆಷಾಢದ ಕಡೆಯ ರವಿವಾರ, ಮಳೆಯಲ್ಲಿ ಬರುವ ಲೋಕಲ್‌ನ ಫೋಟೋ ತೆಗೆಯೋಣವೆಂದು ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ನಿಂತಿದ್ದೆ. ಮೇಲಿನ ತಗಡಿನಿಂದ ಒಂದು ಕೊಡದಷ್ಟು ನೀರು ನೇರ ಸವತಿಯ ನೆತ್ತಿಗೆ ಸುರಿಯಿತು. ಪರದೆ ಮಂಜಾಯಿತು, ಮಿಣಮಿಣ ಅಂದಿತು, ಕಣ್ಣು ಮುಚ್ಚಿತು. ನಿಮ್ಮ ಮುಂದೆ ಮುಚ್ಚುಮರೆ ಏಕೆ? ಮಕ್ಕಳಿಲ್ಲದ ಸಿರಿವಂತ ಕಾಕಾ ತೀರಿಕೊಂಡಾಗ ಆಗುವಂಥ ದುಃಖವಾಯಿತು.

ಯೂನುಸ ನೋಡಿ, "ಸತ್ತಿಲ್ಲ ಮುರಿಗೆಪ್ಪಣ್ಣಾ, ತೊಯ್ದೈತಿ ಅಷ್ಟ. ಬ್ಯಾಟರಿ ತಗದು ಐದಾರು ದಿನ ಅಕ್ಕ್ಯಾಗ ಹುಗದ ಇಡ್ರಿ. ಆಮ್ಯಾಲ ನೋಡೂಣು" ಅಂದ. ಮತ್ತೊಂದು ನೋಡೂಣು. ನಾನು ಮನೆಗೆ ಬಂದು ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ, "ಹೋತು. ಯೂನುಸ ಕೈ ಚೆಲ್ಲಿದ" ಎಂದುಬಿಟ್ಟೆ. ಅಕ್ಕಿಯ ಮಾತು ಎತ್ತಲಿಲ್ಲ. ಪಾಪ ಮಾಡಿದ್ದು ಅಷ್ಟೇ, ಅದೂ ನಾಲ್ಕು ಶಬ್ದದಲ್ಲಿ.

ಅಂಬವ್ವ ಜಗಳ ತೆಗೆಯುತ್ತಾಳೆಂದುಕೊಂಡಿದ್ದೆ. ಅವಳು ಸವತಿಯನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿ ಇಟ್ಟಳು. ಮರುದಿನ, ಸೋಮವಾರ, ಸೊಪ್ಪು ಕೊಳ್ಳಲು ಹೋಗಿ ಬಂದವಳೇ ಹೇಳಿದಳು:

"ಆಗಲಿ, ಇದನ್ನ ಕೊಟ್ಟು ಹೊಸಾದು ತರ್ರಿ. ಆದ್ರ ಬರೇ ಕೈಲೆ ಕಳಸೂದಿಲ್ಲ. ಸವತಿ ಆದ್ರೇನಾತು, ಹನ್ನೊಂದು ವರ್ಷ ಬಾಳೇ ಮಾಡ್ಯಾಳ. ಉಡಿ ತುಂಬಿ ಕಳಸತೀನಿ."

ಮನೆಯ ಹೆಣ್ಣುಮಗಳು ಹೊರಡುವಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆ, ಅರಿಷಿಣ ಬೇರು ಹಾಕಿ ಕಟ್ಟುತ್ತೇವಲ್ಲ, ಆ ಮರ್ಯಾದೆ ಒಂದು ಯಂತ್ರಕ್ಕೆ. ಯಂತ್ರಕ್ಕೆ ಸೆರಗಿಲ್ಲವೆಂದು ಅಂಬವ್ವ ದೊಡ್ಡ ಸ್ಟೀಲಿನ ಡಬ್ಬಿ ತೆಗೆದಳು. "ಹೊಟ್ಟ್ಯಾಗಿನ ಬ್ಯಾಟರಿ ತಗೀರಿ, ಹೋಗಾಕಿ ಹಗುರ ಹೋಗಲಿ" ಎಂದು ತೆಗೆಸಿದಳು. ಕ್ಯಾಮೆರಾಕ್ಕೆ ಕುಬಸದ ಖಣ ಸುತ್ತಿ, ಕುಂಕುಮ ಹಚ್ಚಿ, ಡಬ್ಬಿಯಲ್ಲಿ ಕೂರಿಸಿ, ಮೇಲೆ ಅಕ್ಕಿ ಸುರಿದಳು. ಸುರಿದಳು, ಸುರಿಯುತ್ತಲೇ ಹೋದಳು.

"ಉಡೀಗೆ ಐದು ಹಿಡಿ ಸಾಕಲ್ಲ?" ಅಂದೆ.

"ಸವತಿಗೆ ಕಡಿಮಿ ಮಾಡಿದ್ಲು ಅಂತ ಮಂದಿ ಅನಬಾರದು" ಎಂದು ಡಬ್ಬಿ ತುಂಬಿ ಮುಚ್ಚಳ ಒತ್ತಿದಳು.

"ಹಂಗಾದ್ರ ಈಗ ಕೊಟ್ಟು ಬರತೀನಿ."

"ಆಷಾಢದಾಗ ಯಾರರ ಹೆಣ್ಣಮಗಳನ್ನ ಕಳಸತಾರೇನ್ರಿ? ನಾಳೆ ಮಂಗಳಾರ, ಕಳಸಂಗಿಲ್ಲ. ಬುಧವಾರ ನಾಗರ ಅಮಾಸಿ. ಗುರುವಾರ ಪಾಡ್ಯ, ಅದೂ ಬ್ಯಾಡ. ಶುಕ್ರವಾರ ಮನೀ ಲಕ್ಷ್ಮಿ ಹೊಸ್ತಿಲ ದಾಟಬಾರದು. ಶನಿವಾರ ಎದ್ದ ಕೂಡ್ಲೆ ಹೋಗೂಣು."

"ನೀ ಯಾಕ?"

"ಉಡಿ ತುಂಬಿಸಿಕೊಂಡಾಕಿನ ಒಬ್ಬಾಕಿ ಮುತ್ತೈದಿ ಮುಟ್ಟಿಸಿ ಬರಬೇಕು. ನಿಮಗ ಪದ್ಧತಿ ಗೊತ್ತಿಲ್ಲ?"

ಪದ್ಧತಿಯ ಮುಂದೆ ಯಾವ ಗಂಡಸಿನ ಆಟ ನಡೆದಿದೆ? ತುಂಬಿದ ಉಡಿಯನ್ನು ನಡುವೆ ಬಿಚ್ಚುವ ಹಾಗೂ ಇಲ್ಲ. ಆ ಐದು ದಿನ ನಾನು ಕಾದ ಹೆಂಚಿನ ಮೇಲಿದ್ದೆ. ಮಂಗಳವಾರ ಕಾರ್ಯದರ್ಶಿಗಳ ಸಂದೇಶ ಬಂತು: ನಿನ್ನ ಕ್ಯಾಮೆರಾ ತೊಯ್ದು ಕೆಟ್ಟಿದೆಯಂತೆ, ಯಾವುದಕ್ಕೂ ಇರಲಿ ಎಂದು ಶೆಟ್ಟೆಪ್ಪನಿಗೂ ಕ್ಯಾಮೆರಾ ತರಲು ಹೇಳಿದ್ದೇವೆ. ನಾನು ಯೂನುಸನಿಗೆ ಫೋನು ಮಾಡಿ, ಅಂಬವ್ವನ ಎದುರಿಗೆ ಕೌಂಟರಿನ ಬುಡದ ಸಾಮಾನಿನ ಮಾತೆತ್ತಬೇಡ ಎಂದು ಬೇಡಿಕೊಂಡೆ. "ನನ್ನ ಬಾಯಿಗೆ ಬೀಗ, ಅಣ್ಣಾ" ಅಂದ. ಸಜ್ಜನ.

ಶನಿವಾರ ಅಂಬವ್ವ ಇಳಕಲ್ ಸೀರೆ ಉಟ್ಟು, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದಳು. ಹಿಂದೆ ಕೊಡೆ ಹಿಡಿದು ನಾನು. ಯೂನುಸ ಅಕ್ಕಿಯಲ್ಲಿ ಕೈಯಾಡಿಸಿ, ಖಣ ಬಿಚ್ಚಿ, ಸವತಿಯನ್ನು ಹೊರತೆಗೆದ. ಬ್ಯಾಟರಿ ಹಾಕಿದ. ಗುಂಡಿ ಒತ್ತಿದ.

'ಟಪ್.'

"ಮಾಶಾಅಲ್ಲಾ" ಎಂದ ಯೂನುಸ. "ನಾ ಹೇಳಿದ್ದಕ್ಕ ಅಕ್ಕ್ಯಾಗ ಇಟ್ರಿ ನೋಡ್ರಿ ಮುರಿಗೆಪ್ಪಣ್ಣಾ, ಹೆಂಗ್ ಎದ್ದು ಕುಂತಾಳ. ಹೇಳಿದ್ದು ಕೇಳಾವ್ರು ಈಗ ಭಾಳ ಕಡಿಮಿ."

ನಾನು ಛತ್ತಿನ ಫ್ಯಾನು ನೋಡಿದೆ. ಅದು ತಿರುಗುತ್ತಿತ್ತು.

"ಹೌದನ?" ಎಂದಳು ಅಂಬವ್ವ, ಬೆಣ್ಣೆಯಂಥ ದನಿಯಲ್ಲಿ. "ಯೂನುಸಭಾಯಿ, ನಾ ಒಂದು ಫೋಟೋ ತಗಿಲ್ಯಾ? ಹನ್ನೊಂದು ವರ್ಷ ಆತು, ಸವತಿ ಕೂಡ ಮಾತಾಡೇ ಇಲ್ಲ." ಕ್ಯಾಮೆರಾ ಇಸಿದುಕೊಂಡು ಕಣ್ಣಿಗೆ ಹಚ್ಚಿ ನನ್ನ ಕಡೆ ತಿರುಗಿಸಿದಳು. "ಇಲ್ಲಿ ನೋಡ್ರಿ. ನಗ್ರಿ ಸ್ವಲ್ಪ."

ನಗಲು ಹಲ್ಲು ತೆರೆದಿದ್ದೆ. ಅಷ್ಟರಲ್ಲಿ ಯೂನುಸನ ಹೆಂಡತಿ ಜೇಬುನ್ನೀಸಾ ಒಳಗಿನಿಂದ ಚಹಾ ತಂದಳು. "ಬರ್ರಿ ಅಕ್ಕಾ" ಎಂದು ಕರೆದು, ಕಾಲಿನಿಂದಲೇ ಕೌಂಟರಿನ ಬುಡ ತೋರಿಸಿ, "ಅಣ್ಣಾರ ಈ ಸಾಮಾನ ಇಂದರ ಒಯ್ಯತೀರಲ್ಲ? ಲೆನ್ಸು, ಬ್ಯಾಗು, ಡಬ್ಬಿ. ಹದಿನೈದು ದಿನ ಆತು, ಕಸಾ ಹೊಡ್ಯಾಕ ಬರವಲ್ದು" ಅಂದಳು.

ಯೂನುಸನ ಬಾಯಿಗೆ ಬೀಗವಿದ್ದದ್ದು ನಿಜ. ಕೀಲಿಕೈ ಒಳಮನೆಯಲ್ಲಿತ್ತು.

'ಟಪ್.'

ಆ ಫೋಟೋವನ್ನು ನೀವು ನೋಡಬೇಕು. ನೋಡಿಯೇ ಇರುತ್ತೀರಿ, ಸ್ನೇಹಲ್ 'ಅವ್ವ ತೆಗೆದದ್ದು' ಎಂದು ಬರೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ್ದಾಳೆ. ಹಲ್ಲು ನಗುತ್ತಿದೆ, ಕಣ್ಣು ಓಡಿಹೋಗಲು ಬಾಗಿಲು ಹುಡುಕುತ್ತಿದೆ, ಹಣೆಯ ಒಂದೊಂದು ಬೆವರ ಹನಿಯನ್ನೂ ಎಣಿಸಬಹುದು. ಹಿಂದೆ ಯೂನುಸ ಅಲ್ಲಾನನ್ನು ನೆನೆಯುತ್ತ ಕಣ್ಣು ಮುಚ್ಚಿದ್ದಾನೆ. ಇಂಥ ಫೋಟೋ ನಾನು ಹನ್ನೊಂದು ವರ್ಷದಲ್ಲಿ ಒಂದೂ ತೆಗೆದಿಲ್ಲ.

ಪ್ಯಾಕು ಒಡೆದ ಸಾಮಾನು ವಾಪಸು ಆಗುವುದಿಲ್ಲವೆಂದು ಯೂನುಸ ಕೈಮುಗಿದ. ಎಲ್ಲವನ್ನೂ ಹೊತ್ತು ಮನೆಯ ದಾರಿ ಹಿಡಿದೆವು.

"ಒಂದು ಮಾತು ಕೇಳತೀನಿ" ಅಂದೆ. "ಉಡಿ ಅಂತ ನೀ ಖರೇನ ತುಂಬಿದ್ದನ, ಇಲ್ಲಾ..."

"ಖರೇನ ತುಂಬೀನಿ. ಉಡಿ ವಿಷಯದಾಗ ಸುಳ್ಳ ಆಡತಾರೇನು?" ಎಂದು ನಾಲ್ಕು ಹೆಜ್ಜೆ ನಡೆದು ಸೇರಿಸಿದಳು: "ಜೇಬುನ್ನೀಸಾ ಸೋಮಾರ ಸೊಪ್ಪಿನ ಗಾಡಿ ಹತ್ರ ಸಿಕ್ಕಿದ್ಲು. ಅಕ್ಕ್ಯಾಗ ಇಟ್ರೇನು ಅಂತ ಕೇಳಿದ್ಲು. ನಾ ಇಡತೀವಿ ಅಂದೆ. ಗಂಡನ ಮಾನ ಹೋಗಬಾರದು ನೋಡ್ರಿ."

ರವಿವಾರ ಸಂಘದ ಸಭಾಗೃಹಕ್ಕೆ ಹೋದಾಗ, ಬಾಗಿಲಲ್ಲೇ ಕಾರ್ಯದರ್ಶಿಗಳು ಎದುರಾದರು. ಅವರ ಹಿಂದೆ ಶೆಟ್ಟೆಪ್ಪ, ಕೊರಳಲ್ಲಿ ಸದ್ದಿಲ್ಲದ ಕ್ಯಾಮೆರಾ. ನಾನು ಸವತಿಯನ್ನು ಎತ್ತಿ ತೋರಿಸಿ, "ನೆಟ್ಟಗಾಗೈತ್ರಿ" ಅಂದೆ.

"ನೋಡೀನಲ್ಲೋ ಗುಂಪಿನ್ಯಾಗ. ಏನ್ ಫೋಟೋ ಅದು, ಜೀವ ಐತಿ ಅದರಾಗ. ನಿನ್ನ ಕ್ಯಾಮೆರಾದ ಮ್ಯಾಲ ಸುಳ್ಳ ಸಂಶೇ ಪಟ್ಟೆ. ಶೆಟ್ಟೆಪ್ಪ, ನಿಂದು ಬ್ಯಾಡ ಬಿಡಪಾ." ನನ್ನ ಎದೆ ಒಂದು ಗೇಣು ಉಬ್ಬಿತು. ಅವರು ನನ್ನ ಕೈಯಿಂದ ಸವತಿಯನ್ನು ತೆಗೆದುಕೊಂಡು ನನ್ನ ಹಿಂದೆ ನಿಂತಿದ್ದ ಅಂಬವ್ವನಿಗೆ ಕೊಟ್ಟರು. "ಅಂಬವ್ವಾರ, ನೀವು ಮುಂದ ಬರ್ರಿ. ಇಷ್ಟು ದಿನ ಬದಲಿ ಮಾಡಬೇಕಾಗಿದ್ದು ಕ್ಯಾಮೆರಾ ಅಲ್ಲರಿ, ಅದರ ಹಿಂದಿನ ಮನಶ್ಯಾನ್ನ."

ವೇದಿಕೆಯಲ್ಲಿ ಶಾಲು ಹಿಡಿದವರು ಅಂಬವ್ವನ ಕಡೆ ತಿರುಗಿ ಕಾದರು. ಅವಳು ಕ್ಯಾಮೆರಾ ಎತ್ತಿದಾಗ ಎಲ್ಲೋ ಸಿಕ್ಕಿಕೊಂಡಿದ್ದ ನಾಲ್ಕು ಅಕ್ಕಿಕಾಳು ಮೊದಲ ಸಾಲಿನ ಅತಿಥಿಗಳ ತಲೆಯ ಮೇಲೆ ಅಕ್ಷತೆಯಾಗಿ ಬಿದ್ದವು. 'ಟಪ್.' ಆಮೇಲೆ ಕೈಯೆತ್ತಿ, ನನ್ನದೇ ಧಾಟಿಯಲ್ಲಿ, "ಆತ್ರಿ" ಅಂದಳು. ಶಾಲು ಇಳಿಯಿತು.

ಈಗ ನಮ್ಮ ಮನೆಯಲ್ಲಿ ಸವತಿ ಅಕ್ಕಿ ಡಬ್ಬಿಯಲ್ಲಿ ಸುಖವಾಗಿದ್ದಾಳೆ. ಡ್ರೈ ಬಾಕ್ಸಿನಲ್ಲಿ ಕಡಕ್ ರೊಟ್ಟಿಗಳಿವೆ. ಮುರಿದರೆ ಚಾಳಿನ ಆಚೆ ತುದಿಗೆ ಕೇಳಿಸುತ್ತದೆ. ಇಬ್ಬರು ಹೆಂಗಸರೂ ಭಾಳ ಅನ್ಯೋನ್ಯ. ಮುಂದಿನ ರವಿವಾರ ವಿಕ್ರೋಳಿಯಲ್ಲಿ ಒಂದು ಸೀಮಂತಕ್ಕೆ ಅವರಿಬ್ಬರಿಗೂ ಕರೆ ಬಂದಿದೆ. ಅರೆಗಳಿರುವ ಹೊಸ ಬ್ಯಾಗನ್ನು ನನ್ನ ಕೊರಳಿಗೆ ಹಾಕಿ ಅಂಬವ್ವ ಅಳತೆ ನೋಡಿದಳು; ಒಳಗೆ ಅವಳ ನೀರಿನ ಬಾಟಲಿ, ಎಲೆ ಅಡಿಕೆ ಚೀಲ, ಸವತಿಗೆ ಕೂಡದ ಆ ಲೆನ್ಸು. ನಡೆದರೆ ಲೆನ್ಸು ಬಾಟಲಿಗೆ ಬಡಿದು ಠಣ್ ಠಣ್ ಅನ್ನುತ್ತದೆ.

ಅಜ್ಜಿಯ ಕಥೆಯ ಕೊನೆ ಆಗ ನೆನಪಾಯಿತು. ಎಮ್ಮೆ ಕಡೆಗೂ ಬರಲಿಲ್ಲವಂತೆ. ಕೊಂಡದ್ದು ದಂಡವಾಗಬಾರದೆಂದು ಹೆಂಡತಿ ಆ ಗಂಟೆಯನ್ನು ಗಂಡನ ಕೊರಳಿಗೇ ಕಟ್ಟಿದಳಂತೆ.

ಹೂಂ ಅನ್ನಿ.