ಐದು ಮೆಟ್ಟಿಲಿಗೆ ಒಂದು ತರಬೇತಿ

೧. ಸನ್ಮಾನ

ಎಲ್ಲರನ್ನೂ ಒಳಗೊಳ್ಳುವುದು ಹೇಗೆ, ಅಂಗವಿಕಲ ವಿದ್ಯಾರ್ಥಿಗಳ ಜೊತೆ ನಡೆದುಕೊಳ್ಳುವುದು ಹೇಗೆ ಎಂದು ನಮ್ಮ ಸ್ನಾತಕೋತ್ತರ ಕೇಂದ್ರದ ಸಿಬ್ಬಂದಿಗೆ ಎರಡು ದಿನ ತರಬೇತಿ ನಡೆಯಿತು. ಕಲಿಸಲು ವಿಶ್ವವಿದ್ಯಾಲಯದಿಂದ ಒಬ್ಬ ಮೇಡಂ ಬಂದಿದ್ದರು. ನಾನು ಕಚೇರಿಯ ಸೂಪರಿಂಟೆಂಡೆಂಟ್. ಹಿಂದಿನ ಸಾಲಿನಲ್ಲಿ ಕೂತೆ.

ಅಂಥ ಒಬ್ಬ ವಿದ್ಯಾರ್ಥಿಯನ್ನು ಕರೆಸಿ, ಕಷ್ಟವನ್ನು ಅವರ ಬಾಯಿಂದಲೇ ಕೇಳೋಣ ಎಂದು ಮೇಡಂ ಮೊದಲೇ ಬರೆದಿದ್ದರು. ನಮ್ಮಲ್ಲಿ ಒಬ್ಬಳಿದ್ದಳು. ಉಜ್ಜಿನಿ ಕಡೆಯ ಹುಡುಗಿ, ಎಂ.ಎ. ಮೊದಲ ವರ್ಷ. ಎರಡೂ ಕಾಲಿಗೆ ಬಲವಿಲ್ಲ. ಕೇಂದ್ರದ ಹತ್ತಿರವೇ ಒಂದು ಬಾಡಿಗೆ ಕೋಣೆಯಲ್ಲಿ ತಾಯಿಯ ಜೊತೆ ಇದ್ದಳು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಬರುತ್ತಿದ್ದಳು. ಕಟ್ಟಡದ ಮುಂದೆ ಐದು ಮೆಟ್ಟಿಲು. ಅಲ್ಲಿಂದ ಒಳಕ್ಕೆ ತಾಯಿ ಎತ್ತಿಕೊಂಡು ಹೋಗುತ್ತಿದ್ದಳು.

ವೇದಿಕೆಗೆ ಕರೆದವರನ್ನು ಸನ್ಮಾನ ಮಾಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಲ್ಕು ಜನ ಗಂಡಸರು ಹುಡುಗಿಯನ್ನು ಕುರ್ಚಿ ಸಮೇತ ಎತ್ತಿ ವೇದಿಕೆಯ ಮೇಲಿಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಿರ್ದೇಶಕರು ಅವಳ ಛಲದ ಬಗ್ಗೆ ಮಾತಾಡಿದರು. ಪ್ರಾಧ್ಯಾಪಕರೊಬ್ಬರು ನಿರ್ದೇಶಕರ ಮಾತಿನ ಬಗ್ಗೆ ಮಾತಾಡಿದರು. ಫೋಟೋ ಆಯಿತು. ಊಟದ ಹೊತ್ತಾಯಿತು. ವಂದನಾರ್ಪಣೆ ಮುಗಿದು ಎಲ್ಲರೂ ಎದ್ದು ಹೋದರು.

ಅವಳು ಮೇಲೆಯೇ ಉಳಿದಿದ್ದಳು. ಹತ್ತಿರ ಹೋದೆ.

"ಏನಾರ ಹೇಳಾದಿತ್ತೇನವ್ವಾ?"

"ಒಂದಾ ಮಾತಿತ್ರಿ ಸಾರ್. ನಮ್ಮವ್ವನ ಬಿಟ್ಟು ಯಾರೂ ನನ್ನ ಎತ್ತಬ್ಯಾಡ್ರಿ ಅಂತ."

ಅವಳನ್ನು ಇಳಿಸಲು ತಾಯಿ ಬರುವತನಕ ಕಾದೆವು. ಅಷ್ಟರಲ್ಲಿ ಊಟ ಖಾಲಿಯಾಗಿತ್ತು.

೨. ಗಾಲಿಕುರ್ಚಿ

ಎರಡನೇ ದಿನ ಮೇಡಂ ಒಂದು ಗಾಲಿಕುರ್ಚಿ ತರಿಸಿದರು. ಅದರಲ್ಲಿ ಕೂತು, ಏಳದೆ, ಗೇಟಿನಿಂದ ನಿಮ್ಮ ನಿಮ್ಮ ಕೋಣೆಗೆ ಹೋಗಬೇಕು ಎಂದರು. ಮೊದಲು ನಿರ್ದೇಶಕರು ಕೂತರು. ಜವಾನ ತಳ್ಳಿದ. ಮೆಟ್ಟಿಲ ಹತ್ತಿರ ಕುರ್ಚಿ ನಿಂತಿತು.

"ಎತ್ತಲೇ," ಎಂದರು ನಿರ್ದೇಶಕರು.

"ನಿಮ್ಮನ್ನೇನ್ರಿ ಸಾರ್?" ಎಂದ ಜವಾನ. ಕುರ್ಚಿಯಿಂದ ಕೈ ತೆಗೆದ.

ಬಿಸಿಲಿತ್ತು. ನಿರ್ದೇಶಕರು ಬೆವರು ಒರೆಸಿಕೊಂಡು ಕೂತೇ ಇದ್ದರು. ಒಳಗೆ ಅವರ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಕುಲಸಚಿವರದು ಇರಬೇಕು ಎಂದು ಯಾರೋ ಅಂದರು. ನಿರ್ದೇಶಕರು ಎದ್ದು ಎರಡೆರಡು ಮೆಟ್ಟಿಲು ಹಾರಿ ಒಳಗೆ ಹೋದರು.

ಹುಡುಗಿ ಪಕ್ಕದಲ್ಲಿ ತನ್ನ ಸೈಕಲ್ಲಿನಲ್ಲಿದ್ದಳು. ಮೇಡಂ ಕಡೆ ನೋಡಿ ಕೇಳಿದಳು: "ಹಿಂಗ ಎದ್ದು ಹಾರಾದನ್ನ ಎಷ್ಟನೇ ದಿನ ಕಲಿಸ್ತೀರ್ರಿ ಮೇಡಂ?"

ಮೇಡಂ ನಗಲಿಲ್ಲ. ವರದಿ ಬರೆದರು. ಮೆಟ್ಟಿಲ ಪಕ್ಕಕ್ಕೆ ಗಾಲಿ ಏರುವ ಇಳಿಜಾರು ದಾರಿ ಮಂಜೂರಾಯಿತು.

೩. ಇಳಿಜಾರು

ಹಗರಿಬೊಮ್ಮನಹಳ್ಳಿಯ ಮೇಸ್ತ್ರಿ ಮೂರೇ ದಿನಕ್ಕೆ ಕಟ್ಟಿದ. ನೋಡಿದೆ. ಗೋಡೆಯ ಹಾಗಿತ್ತು.

"ಭಾಳ ಕಡಿದಾಗೇತಲ್ಲಪ್ಪಾ."

"ಟ್ರ್ಯಾಕ್ಟರ್ ಏರ್ತೈತ್ರಿ, ಗ್ಯಾರಂಟಿ."

"ಟ್ರ್ಯಾಕ್ಟರ್ ಎಂ.ಎ. ಓದಂಗಿಲ್ಲ."

ಒಡೆದು ಮತ್ತೆ ಉದ್ದಕ್ಕೆ ಕಟ್ಟಿದ. ಈ ಸಲ ಚೆನ್ನಾಗಿ ಬಂತು. ನಾನು ಹುಡುಗಿಗೆ ಬಾರವ್ವಾ ಎಂದೆ. ಅಷ್ಟರಲ್ಲಿ ನಿರ್ದೇಶಕರು ಕೆಂಪು ಟೇಪು ಕಟ್ಟಿಸಿ, ಅಡ್ಡಕ್ಕೆ ಒಂದು ಬೆಂಚು ಇಡಿಸಿದರು.

"ಉದ್ಘಾಟನಿ ಆಗಬೇಕ್ರಿ. ಕುಲಪತಿಗಳು ಬರ್ತಾರ. ಅಲ್ಲೀತನಕ ಯಾರೂ ತುಳೀಬಾರದು."

ಗೋಡೆಗೆ ಉದ್ಘಾಟನೆಯ ಕಲ್ಲು ಕೂಡಿಸಿ ಪರದೆ ಹಾಕಿದರು. ಕುಲಪತಿಗಳಿಗೆ ಒಂದು ಸಲ ದಿಲ್ಲಿಯ ಸಭೆ ಬಂತು. ಆಮೇಲೆ ಆಷಾಢ ಬಂತು. ಒಂದು ನಾಯಿ ದಿನಾ ಟೇಪಿನ ಕೆಳಗೆ ನುಸುಳಿ, ಮೇಲೆ ಹೋಗಿ ನೆರಳಿಗೆ ಮಲಗುತ್ತಿತ್ತು. ಅದರ ಮಟ್ಟಿಗೆ ಉದ್ಘಾಟನೆ ಆಗಿತ್ತು.

೪. ಕಾರಣ

ಹುಡುಗಿಯದು ಕುರಿ ಸಾಕುವ ಮನೆ. ಮರಿ ಹಾಕುವ ಕಾಲಕ್ಕೆ ತಾಯಿ ಊರಿಗೆ ಹೋಗುತ್ತಿದ್ದಳು. ಆ ದಿನಗಳಲ್ಲಿ ಹುಡುಗಿ ಮೆಟ್ಟಿಲ ಕೆಳಗೆ ಸೈಕಲ್ ನಿಲ್ಲಿಸಿಕೊಂಡು, ಕಿಟಕಿಯಿಂದ ಪಾಠ ಕೇಳಿ ಬರೆದುಕೊಳ್ಳುತ್ತಿದ್ದಳು. ಹಾಜರಿ ಕೂಗಿದಾಗ ಹೊರಗಿಂದಲೇ "ಬಂದೀನ್ರಿ ಸಾರ್" ಅನ್ನುತ್ತಿದ್ದಳು. ಕೋಣೆಯ ಹೊರಗಿದ್ದವರಿಗೆ ಹಾಜರಿ ಇಲ್ಲ ಎಂದು ಮೇಷ್ಟ್ರು ಗೈರು ಹಾಕಿದರು.

ಪರೀಕ್ಷೆ ಹತ್ತಿರ ಬಂತು. ಹಾಜರಿ ಕಡಿಮೆ ಎಂದು ಅವಳ ಪ್ರವೇಶಪತ್ರ ತಡೆದರು. ಈ ಸಲ ಕೂರದಿದ್ದರೆ ಮನೆಯವರು ಓದು ಬಿಡಿಸುತ್ತಾರೆ ಎಂದು ಅವಳೇ ನನಗೆ ಹೇಳಿದಳು. ಅಳಲಿಲ್ಲ. ಹೇಳಿದಳು, ಅಷ್ಟೆ.

ವಿನಾಯಿತಿಗೆ ಒಂದು ಅರ್ಜಿ ಇರುತ್ತದೆ. ಗೈರಿಗೆ ಕಾರಣ ಬರೆಯಬೇಕು. ಗುಮಾಸ್ತ ಅವಳಿಗೆ, "ಡಾಕ್ಟರ್ ಸರ್ಟಿಫಿಕೇಟ್ ತಗಂಡು ಬಾ," ಎಂದ.

"ನಾನು ಆರಾಮ ಅದೀನ್ರಿ."

"ಆರಾಮಿದ್ರ ಆಗಂಗಿಲ್ಲ. ಏನಾರ ಒಂದು ರೋಗ ಇರಬೇಕು."

ನಾನು ಅರ್ಜಿ ಇಸಿದುಕೊಂಡೆ. ಕಾರಣದ ಮುಂದೆ 'ಕಟ್ಟಡ' ಎಂದು ಬರೆದು ಉಳಿದ ಕಾಗದಗಳ ನಡುವೆ ಇಟ್ಟೆ. ನಿರ್ದೇಶಕರು ಓದುವವರಲ್ಲ. ಸಹಿ ಹಾಕಿ, 'ಬೇಗ ಗುಣವಾಗಲಿ' ಎಂದೂ ಬರೆದಿದ್ದರು.

೫. ಕತ್ತರಿ

ಕುಲಪತಿಗಳು ಬರುವ ದಿನ ಗೊತ್ತಾಯಿತು. ಪರೀಕ್ಷೆ ಅದರ ಹಿಂದಿನ ದಿನ ಶುರು.

ಮೊದಲ ಪತ್ರಿಕೆಯ ಬೆಳಗ್ಗೆ ತಾಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು. "ಸಾಹೇಬ್ರ, ಸೊಂಟ ಹಿಡಕಂಡೈತಿ. ಇವತ್ತು ಎತ್ತಾಕ ಆಗಂಗಿಲ್ರಿ."

ಹುಡುಗರು ನಾವು ಎತ್ತುತ್ತೇವೆ ಎಂದರು. ಹುಡುಗಿ ಬೇಡವೆಂದು ತಲೆ ಅಲ್ಲಾಡಿಸಿದಳು.

ನಿರ್ದೇಶಕರ ಹತ್ತಿರ ಹೋದೆ. "ಟೇಪು ಬಿಚ್ಚಸ್ರಿ ಸಾರ್."

"ಏ, ನಾಳಿಗೆ ಕುಲಪತಿಗಳು ಬರ್ತಾರಲ್ರಿ. ಒಂದ ದಿನದ ಮಾತು."

"ಪರೀಕ್ಷಿ ಇವತ್ತೈತಿ."

"ಸ್ವಲ್ಪ ತಾಳ್ಮಿ ಇರಬೇಕ್ರಿ."

ಒಳಗೆ ಮೊದಲ ಗಂಟೆ ಹೊಡೆಯಿತು. ನನ್ನ ಮೇಜಿನಿಂದ ಕತ್ತರಿ ತಂದೆ. ಬೆಂಚು ಸರಿಸಿದೆ. ಕತ್ತರಿಯನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಕತ್ತರಿಸಿದಳು. ಪರೀಕ್ಷೆಗೆ ನಿಂತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಇನ್ನೊಂದು ಚಪ್ಪಾಳೆ ಕೇಳಿತು. ತಿರುಗಿದೆ. ನಿರ್ದೇಶಕರು. ಟೇಪು ಕತ್ತರಿಸಿದ್ದು ಕಂಡರೆ ಅವರ ಕೈ ತಾನಾಗಿಯೇ ತಟ್ಟುತ್ತದೆ. ಎರಡು ಸಲ ತಟ್ಟಿದ ಮೇಲೆ ನಿಲ್ಲಿಸಿದರು.

ಅವಳು ಯಾರೂ ತಳ್ಳದೆ ಸೈಕಲ್ಲಿನಲ್ಲೇ ಮೇಲೆ ಹೋದಳು. ನಾಯಿ ಎದ್ದು ದಾರಿ ಬಿಟ್ಟಿತು.

"ಯಾರ ಅಪ್ಪಣಿ ತಗಂಡ್ರಿ?" ಎಂದು ನಿರ್ದೇಶಕರು ಕೇಳಿದರು.

"ಗಂಟಿ ಹೊಡೀತ್ರಿ," ಎಂದೆ.

ಮರುದಿನ ಪರೀಕ್ಷೆಯ ಗಂಟೆ ಹೊಡೆದ ಮೇಲೆ ಜವಾನ ಟೇಪಿನ ಎರಡು ತುದಿ ಸೇರಿಸಿ ಗಂಟು ಹಾಕಿದ. ಸ್ವಲ್ಪ ಹೊತ್ತಿಗೆ ಕುಲಪತಿಗಳು ಬಂದು, ಗಂಟಿನ ಪಕ್ಕದಲ್ಲಿ ಕತ್ತರಿಸಿ, ಇನ್ನು ಮುಂದೆ ಆ ಹುಡುಗಿ ಧೈರ್ಯವಾಗಿ ಒಳಗೆ ಬರಬಹುದು ಎಂದರು. ಆಗ ಅವಳು ಒಳಗೆ ಎರಡನೇ ಪತ್ರಿಕೆ ಬರೆಯುತ್ತಿದ್ದಳು.